ಬಾಯಿಯ ಬಾಗಿಲಲ್ಲಿ ಕಾವಲು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬುದು ಹಿರಿಯರ ಮಾತು. ಈ ಗಾದೆಯನ್ನು ನಾನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ವಿವರಿಸುತ್ತ ಬಂದಿದ್ದೇನೆ. ಭಾಗ್ಯ ಬರುವ ಹೊತ್ತಿಗೆ ಅದನ್ನು ಅನುಭವಿಸುವ ಶಕ್ತಿ ಹೋಗಿರುತ್ತದೆ ಎಂದು ಅರ್ಥ ಹೇಳಿ, ಒಂದೆರಡು ನಿದರ್ಶನ ಕೊಟ್ಟು, ಮುಂದಿನ ಪಾಠಕ್ಕೆ ಹೋಗುತ್ತೇನೆ. ಆ ಹಲ್ಲು ಏಕೆ ಹೋಯಿತು ಎಂದು ಯಾವ ವಿದ್ಯಾರ್ಥಿಯೂ ಕೇಳಿದ್ದಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮುಪ್ಪು ಬಂತು, ಹಲ್ಲು ಹೋಯಿತು, ಇದರಲ್ಲಿ ಕೇಳುವುದೇನಿದೆ?

ಹೋದ ವರ್ಷ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಬ್ರಷ್ಷಿನ ಮೇಲೆ ರಕ್ತ ಕಂಡಿತು. ಆಗ ಎಲ್ಲರೂ ಏನು ಮಾಡುತ್ತಾರೋ ನಾನೂ ಅದನ್ನೇ ಮಾಡಿದೆ: ಆ ಪಕ್ಕಕ್ಕೆ ಬ್ರಷ್ಷು ತಾಗಿಸುವುದನ್ನು ಬಿಟ್ಟೆ. ಎರಡು ತಿಂಗಳಲ್ಲಿ ಒಸಡು ಊದಿಕೊಂಡು ರೊಟ್ಟಿ ಅಗಿಯುವುದೇ ಕಷ್ಟವಾದಾಗ ದಂತವೈದ್ಯರ ಬಳಿಗೆ ಹೋಗಬೇಕಾಯಿತು. ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ಪಿಯುಸಿಯಲ್ಲಿ ನನ್ನ ಬಳಿ ಕನ್ನಡ ಓದಿದವಳು. ಬಾಯಿ ತೆರೆಸಿ ನೋಡಿ, “ಎಷ್ಟು ದಿನದಿಂದ ಈ ಕಡೆ ಉಜ್ಜಿಲ್ಲ ಸಾರ್?” ಎಂದಳು.

“ರಕ್ತ ಬರುತ್ತಲ್ಲಮ್ಮ, ಅದಕ್ಕೇ ಬಿಟ್ಟೆ.”

“ರಕ್ತ ಬರುತ್ತೆ ಅಂತ ಬಿಡೋದಲ್ಲ ಸಾರ್, ಬಿಟ್ಟಿದ್ದಕ್ಕೇ ರಕ್ತ ಬರ್ತಿರೋದು” ಎಂದು ನಕ್ಕು, ಕೆಲಸ ಮಾಡುತ್ತಲೇ ಇನ್ನೊಂದು ಮಾತು ಸೇರಿಸಿದಳು: “ಹಲ್ಲು ಸಡಿಲ ಮಾಡೋದು ಬರೀ ಕ್ರಿಮಿ ಅಲ್ಲ. ಕ್ರಿಮಿ ಮೇಲೆ ಯುದ್ಧಕ್ಕೆ ಬರೋ ನಮ್ಮ ರಕ್ತದ ಕಣಗಳೇ ಅರ್ಧ ಹಾಳು ಮಾಡ್ತವೆ.”

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯೂ ನನಗೆ ಪಾಠ ಹೇಳಿ ಬಾಯಿಪಾಠವಾದದ್ದೇ. ಆದರೆ ಅದು ನನ್ನ ಬಾಯೊಳಗೇ ನಡೆಯುತ್ತಿದೆಯೆಂದು ತಿಳಿದದ್ದು ಆ ಕುರ್ಚಿಯ ಮೇಲೆ ಮಲಗಿದ್ದಾಗ. ಅವಳ ಮಾತು ಕೇಳಿ ನನಗೆ ನೆನಪಾದದ್ದು ನಮ್ಮ ತಾಯಿಯ ಬಾಯಿ. ಆ ಸಂಗತಿಯನ್ನು ಕಡೆಯಲ್ಲಿ ಹೇಳುತ್ತೇನೆ. ವೈದ್ಯಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಯಾವ ಶಾಸ್ತ್ರದ ಚರಿತ್ರೆಯಾದರೂ ಮನುಷ್ಯರ ಕಥೆಯೇ ಆದುದರಿಂದ ಕಥೆ ಓದುವವನಿಗೆ ಅದನ್ನು ಓದುವ ಅಧಿಕಾರವಿದೆ ಎಂದು ಧೈರ್ಯ ತಂದುಕೊಂಡು ಕೆಲವು ತಿಂಗಳು ಪುಸ್ತಕ ಹಿಡಿದು ಕುಳಿತೆ.

ಕಥೆ ಮೊದಲಾಗುವುದು ಹಾಲೆಂಡಿನ ಡೆಲ್ಫ್ಟ್ ನಗರದಲ್ಲಿ, ಒಬ್ಬ ಬಟ್ಟೆ ವ್ಯಾಪಾರಿಯಿಂದ. ಆಂಟೋನಿ ವಾನ್ ಲೇವನ್‌ಹುಕ್ ಯಾವ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನೂ ಹತ್ತಿದವನಲ್ಲ; ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಅವನಿಗೆ ಬರುತ್ತಿರಲಿಲ್ಲ. ಆದರೆ ಕಡಲೆಗಾತ್ರದ ಗಾಜನ್ನು ಉಜ್ಜಿ ಉಜ್ಜಿ ಸೂಕ್ಷ್ಮದರ್ಶಕ ಮಾಡುವುದರಲ್ಲಿ ಅವನಿಗೆ ಸರಿಸಾಟಿಯಾದವರು ಯುರೋಪಿನಲ್ಲಿ ಇರಲಿಲ್ಲ. 1683ರ ಸೆಪ್ಟೆಂಬರಿನಲ್ಲಿ, ಐವತ್ತರ ವಯಸ್ಸಿನಲ್ಲಿ, ಲಂಡನ್ನಿನ ರಾಯಲ್ ಸೊಸೈಟಿಗೆ ಅವನು ಒಂದು ಕಾಗದ ಬರೆದ. ಅದರಲ್ಲಿ ಮೊದಲು ತನ್ನ ಹಲ್ಲಿನ ಶುಚಿತ್ವವನ್ನು ವರ್ಣಿಸುತ್ತಾನೆ: ದಿನ ಬೆಳಗಾದರೆ ಉಪ್ಪಿನಿಂದ ಹಲ್ಲು ತಿಕ್ಕಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ, ಊಟವಾದ ಮೇಲೆ ಸಂದುಗಳನ್ನು ಕಡ್ಡಿಯಿಂದ ಚುಚ್ಚಿ, ಬಟ್ಟೆಯಿಂದ ಒರೆಸುವವನು ತಾನು. ಓದುವಾಗ ಯಾರೋ ನಮ್ಮ ಹಳ್ಳಿಯ ಅಜ್ಜನ ದಿನಚರಿಯೆಂದೇ ತೋರುತ್ತದೆ. ಇಷ್ಟು ಮಾಡಿದರೂ ಹಲ್ಲುಗಳ ನಡುವೆ ಹಿಟ್ಟಿನಂತೆ ಬೆಳ್ಳಗೆ ಏನೋ ಉಳಿಯುತ್ತದಲ್ಲ, ಅದೇನು? ಅವನು ಅದನ್ನು ಮಳೆಯ ನೀರಿನಲ್ಲಿ ಕದಡಿ ಗಾಜಿನ ಮುಂದೆ ಹಿಡಿದ. ಅಲ್ಲಿ ಕಡ್ಡಿಯಂಥವು, ಬುಗುರಿಯಂತೆ ತಿರುಗುವವು, ಮೀನಿನಂತೆ ನೀರನ್ನು ಸೀಳಿ ಓಡುವವು, ಹೀಗೆ ಲೆಕ್ಕವಿಲ್ಲದಷ್ಟು ಜೀವಿಗಳು! ಜನ್ಮದಲ್ಲಿ ಹಲ್ಲು ತೊಳೆಯದ ಮುದುಕನೊಬ್ಬನ ಬಾಯಿಂದಲೂ ಮಾದರಿ ತಂದು ನೋಡಿದ; ಅಲ್ಲಿ ಸಂತೆಯೇ ನೆರೆದಿತ್ತು. ಒಬ್ಬನ ಬಾಯಲ್ಲಿರುವ ಈ ಪ್ರಜೆಗಳು ಒಂದು ದೇಶದ ಪ್ರಜೆಗಳಿಗಿಂತ ಹೆಚ್ಚು ಎಂದು ಅವನು ತೀರ್ಮಾನಿಸಿದ. 1692ರಲ್ಲಿ ಇನ್ನೊಂದು ವಿಚಿತ್ರ ಕಂಡ: ಮುಂದಿನ ಹಲ್ಲುಗಳಲ್ಲಿ ಜೀವಿಗಳು ಕಾಣುವುದಿಲ್ಲ, ಹಿಂದಿನ ಹಲ್ಲುಗಳಲ್ಲಿ ಇವೆ. ತಾನು ಬೆಳಿಗ್ಗೆ ಕುಡಿಯುವ ಬಿಸಿ ಕಾಫಿ ಮುಂದಿನವನ್ನು ಕೊಂದಿರಬೇಕೆಂದು ಊಹಿಸಿದ. ಕಾಫಿಯ ಮಹಿಮೆಗೆ ಸಾಕ್ಷಿ ಹುಡುಕುವ ನಮ್ಮವರು ಈ ಊಹೆಯನ್ನು ನೆನಪಿಟ್ಟುಕೊಳ್ಳಬಹುದು!

ಬಾಯಲ್ಲಿ ಒಂದು ದೇಶವೇ ಇದೆಯೆಂದು ಗೊತ್ತಾಯಿತು. ಆದರೆ ಇಷ್ಟು ಜನ ಪರಕೀಯರು ಬಾಗಿಲಲ್ಲೇ ಬೀಡು ಬಿಟ್ಟಿದ್ದರೂ ಮನೆ ಲೂಟಿಯಾಗದೆ ಉಳಿದಿರುವುದು ಹೇಗೆ? ಈ ಪ್ರಶ್ನೆಗೆ ಉತ್ತರ ದೊರೆಯಲು ಸುಮಾರು ಇನ್ನೂರು ವರ್ಷ ಬೇಕಾಯಿತು. ದೊರೆತದ್ದೂ ಬಾಯಲ್ಲಿ ಅಲ್ಲ, ಕಡಲಿನ ಒಂದು ಪುಟ್ಟ ಪ್ರಾಣಿಯಲ್ಲಿ.

ರಷ್ಯದ ಪ್ರಾಣಿಶಾಸ್ತ್ರಜ್ಞ ಇಲ್ಯಾ ಮೆಚ್ನಿಕಾಫ್ ಒಡೆಸ್ಸಾದ ವಿಶ್ವವಿದ್ಯಾನಿಲಯಕ್ಕೆ ರಾಜೀನಾಮೆ ಕೊಟ್ಟು, 1882ರಲ್ಲಿ ಸಂಸಾರಸಮೇತನಾಗಿ ಸಿಸಿಲಿ ದ್ವೀಪದ ಮೆಸಿನಾ ಪಟ್ಟಣಕ್ಕೆ ಬಂದಿದ್ದ. ಒಂದು ದಿನ ಮನೆಯವರೆಲ್ಲ ಕೋತಿಗಳ ಆಟ ನೋಡಲು ಸರ್ಕಸ್ಸಿಗೆ ಹೋದರು. ಇವನೊಬ್ಬನೇ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯನ್ನು ನೋಡುತ್ತಿದ್ದ. ಅದರ ಮೈಯೊಳಗೆ ಅತ್ತಿತ್ತ ಅಲೆಯುವ ಕಣಗಳಿದ್ದವು. ಇವು ಸುಮ್ಮನೆ ಅಲೆಯುತ್ತಿಲ್ಲ, ಕಾವಲು ತಿರುಗುತ್ತಿವೆಯೋ ಏನೋ ಎಂಬ ಆಲೋಚನೆ ಆ ಕ್ಷಣದಲ್ಲಿ ಅವನಿಗೆ ಹೊಳೆಯಿತು. ಹಾಗಿದ್ದರೆ, ಮೈಗೆ ಮುಳ್ಳು ಚುಚ್ಚಿದಾಗ ಇವು ಅಲ್ಲಿಗೆ ಓಡಿಬರಬೇಕು. ತೋಟಕ್ಕೆ ಹೋಗಿ ಗುಲಾಬಿಯ ಮುಳ್ಳು ತಂದು ಮರಿಯ ಚರ್ಮದಡಿ ತೂರಿಸಿದ. ಆ ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಹೋಗಿ ನೋಡಿದರೆ, ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿ ನಿಂತಿದ್ದವು!

ನಮ್ಮ ಬೆರಳಿಗೆ ಮುಳ್ಳು ಮುರಿದಾಗ ಸುತ್ತ ಕೀವು ಕಟ್ಟುತ್ತದೆ. ಆ ಕೀವಿನ ಬಹುಭಾಗ ರಕ್ತದ ಬಿಳಿಯ ಕಣಗಳು. ಅಂದಿನ ವೈದ್ಯರಲ್ಲಿ ಅನೇಕರು ಈ ಬಿಳಿಯ ಕಣಗಳು ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆಂದು ನಂಬಿದ್ದರು. ಕಾವಲುಗಾರನನ್ನೇ ಕಳ್ಳರ ಜೊತೆಗಾರನೆಂದು ತಿಳಿದ ಹಾಗೆ! ಮೆಚ್ನಿಕಾಫ್ ಈ ಲೆಕ್ಕವನ್ನು ತಲೆಕೆಳಗು ಮಾಡಿದ: ಅವು ಬರುವುದು ರೋಗಾಣುಗಳನ್ನು ನುಂಗಲಿಕ್ಕೆ. ವಿಯೆನ್ನಾದ ಪ್ರಾಧ್ಯಾಪಕ ಕಾರ್ಲ್ ಕ್ಲಾಸ್ ಗ್ರೀಕ್ ಭಾಷೆಯಿಂದ ಒಂದು ಹೆಸರನ್ನು ಸೂಚಿಸಿದ: ಫ್ಯಾಗೊಸೈಟ್, ಅಂದರೆ ಭಕ್ಷಕ ಕಣ. ಜರ್ಮನಿಯ ಪಂಡಿತರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ರಕ್ಷಣೆಯೆಲ್ಲ ರಕ್ತದ ದ್ರವದಲ್ಲಿರುವ ಪ್ರತಿವಿಷಗಳಿಂದ ಎಂದು ಅವರ ವಾದ. ಕಾಲು ಶತಮಾನದ ಜಗಳದ ನಂತರ 1908ರ ನೊಬೆಲ್ ಬಹುಮಾನವನ್ನು ಮೆಚ್ನಿಕಾಫ್‌ಗೂ ದ್ರವಪಕ್ಷದ ಪಾಲ್ ಎರ್ಲಿಕ್‌ಗೂ ಹಂಚಿದರು. ಇಬ್ಬರೂ ಸರಿಯೆಂದು ಈಗ ನಮಗೆ ಗೊತ್ತು.

ಮೆಚ್ನಿಕಾಫ್ ಮುಪ್ಪಿನ ವಿಷಯವಾಗಿಯೂ ಬಹಳ ಯೋಚಿಸಿದವನು. ಕರುಳಿನ ಕ್ರಿಮಿಗಳನ್ನು ಹಿಡಿತದಲ್ಲಿಡಲು ಹುಳಿಮೊಸರನ್ನು ಸೇವಿಸಬೇಕೆಂದು ಯುರೋಪಿಗೆ ಬೋಧಿಸಿದ್ದು ಅವನೇ. ಅವನ ಇನ್ನೊಂದು ಶಂಕೆ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತಿದೆ. ತಾನು ಕಂಡುಹಿಡಿದ ಭಕ್ಷಕ ಕಣಗಳೇ ಮುಪ್ಪಿನಲ್ಲಿ ದೇಹದ ಸ್ವಂತ ಭಾಗಗಳನ್ನು ತಿನ್ನತೊಡಗುತ್ತವೆ, ಕೂದಲಿನ ಕಪ್ಪನ್ನೂ ಅವೇ ನುಂಗುತ್ತವೆ ಎಂದು ಅವನು ನಂಬಿದ್ದ. ಕೂದಲಿನ ಮಾತು ನಿಲ್ಲಲಿಲ್ಲ. ಆದರೆ ಕಾವಲುಗಾರ ಮನೆಗೇ ಕೈ ಹಚ್ಚಬಲ್ಲ ಎಂಬ ಶಂಕೆ ಮಾತ್ರ, ಅವನು ನೋಡದ ಜಾಗದಲ್ಲಿ, ಒಸಡಿನಲ್ಲಿ, ನಿಜವಾಯಿತು.

ಇತ್ತ ಬಾಯಿಯ ವೈದ್ಯರು ಬೇರೆ ದಾರಿ ಹಿಡಿದಿದ್ದರು. ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್ ಬರ್ಲಿನ್ನಿನಲ್ಲಿ ನೆಲಸಿ, ಬಾಯಿಯ ಸೂಕ್ಷ್ಮಜೀವಿಗಳ ಮೇಲೆ 1890ರಲ್ಲಿ ಒಂದು ದೊಡ್ಡ ಗ್ರಂಥವನ್ನು ಹೊರತಂದ. ಹಲ್ಲಿನ ಹುಳುಕಿಗೆ ಹುಳು ಕಾರಣವಲ್ಲ, ನಾವು ತಿಂದ ಹಿಟ್ಟು ಸಕ್ಕರೆಗಳನ್ನು ಸೂಕ್ಷ್ಮಜೀವಿಗಳು ಹುಳಿಸಿ ಮಾಡುವ ಆಮ್ಲ ಕಾರಣ ಎಂದು ತೋರಿಸಿದವನು ಅವನು. ಮರುವರ್ಷ ಅವನೇ, ಮೈಯ ಇತರ ರೋಗಗಳಿಗೂ ಬಾಯಿ ಮೂಲವಾಗಬಲ್ಲದೆಂದು ಬರೆದ. ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1900ರಲ್ಲಿ ಆ ಮಾತನ್ನು ಎತ್ತಿಕೊಂಡ. 1910ರಲ್ಲಿ ಕೆನಡದ ಮಾಂಟ್ರಿಯಲ್‌ಗೆ ಹೋಗಿ, ಕೊಳೆತ ಹಲ್ಲಿನ ಮೇಲೆ ಚಿನ್ನದ ಕವಚ ಕೂರಿಸುವ ದಂತವೈದ್ಯರನ್ನು ಕಟುವಾಗಿ ಖಂಡಿಸಿದ. ಅವನ ಮಾತಿನಲ್ಲಿ ಸತ್ಯವಿತ್ತು. ಆದರೆ ಮುಂದೆ ಅದರಿಂದ ಆದದ್ದು ಘೋರ. ಕೀಲುನೋವಿಗೆ ಹಲ್ಲು ಕೀಳುವುದು, ನಿಶ್ಶಕ್ತಿಗೆ ಹಲ್ಲು ಕೀಳುವುದು, ಕಾರಣ ತಿಳಿಯದ ಜ್ವರಕ್ಕೆ ಹಲ್ಲು ಕೀಳುವುದು! ಅಮೆರಿಕದ ಟ್ರೆಂಟನ್ ಪಟ್ಟಣದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥ ಹೆನ್ರಿ ಕಾಟನ್ ಹುಚ್ಚಿಗೂ ಇದೇ ಮೂಲವೆಂದು ನಂಬಿ ರೋಗಿಗಳ ಹಲ್ಲುಗಳನ್ನು ಸಾಲುಸಾಲಾಗಿ ಕೀಳಿಸಿದ. ಗುಣವಾಗದಿದ್ದರೆ ಕರುಳಿಗೂ ಕತ್ತಿ ಹಾಕಿಸಿದ. ಎಷ್ಟೋ ಜನ ಸತ್ತರು. ಅವನು ಕಪಟಿಯಲ್ಲ, ತನ್ನ ಮಕ್ಕಳ ಹಲ್ಲುಗಳನ್ನೂ ಕೀಳಿಸಿದ್ದ. ಇದೇ ಹೆಚ್ಚು ಭಯ ಹುಟ್ಟಿಸುವ ಸಂಗತಿ. ಶತ್ರುವನ್ನು ನಿರ್ಮೂಲ ಮಾಡಿದರೆ ಶಾಂತಿ ಬರುತ್ತದೆ ಎಂಬ ಒಂದೇ ವಿಚಾರ ತಲೆಗೆ ಹೊಕ್ಕರೆ ಒಳ್ಳೆಯವರೂ ಎಲ್ಲಿಗೆ ಹೋಗಿ ಮುಟ್ಟುತ್ತಾರೆ! 1930ರ ನಂತರ ಈ ಭ್ರಮೆ ಮೆಲ್ಲಮೆಲ್ಲನೆ ಇಳಿಯಿತು.

ಬಾಯಿಯ ಕ್ರಿಮಿಗಳು ನಿರ್ಮೂಲವಾಗುವಂಥವಲ್ಲ. ಏಳು ನೂರಕ್ಕೂ ಹೆಚ್ಚು ಜಾತಿಯವು ಮನುಷ್ಯರ ಬಾಯಿಗಳಲ್ಲಿವೆ. ತಿಕ್ಕಿ ತೊಳೆದರೆ ಗಳಿಗೆಯೊಳಗೆ ಮತ್ತೆ ಬಂದು ಕೂಡುತ್ತವೆ. ಹಾಗಾದರೆ ತೊಳೆಯುವುದರಿಂದ ಪ್ರಯೋಜನವೇನು? ಇದನ್ನು ನಿಶ್ಚಯವಾಗಿ ತೋರಿಸಿದವನು ನಾರ್ವೆಯ ಹರಾಲ್ಡ್ ಲೋ. ಡೆನ್ಮಾರ್ಕಿನ ಆರ್ಹುಸ್ ನಗರದ ದಂತವೈದ್ಯ ಕಾಲೇಜಿನಲ್ಲಿ ಅವನೂ ಅವನ ಸಂಗಡಿಗರೂ ನಡೆಸಿ 1965ರಲ್ಲಿ ಪ್ರಕಟಿಸಿದ ಪ್ರಯೋಗ ಎಷ್ಟು ಸರಳವೆಂದರೆ, ನಮ್ಮ ಅಜ್ಜಿಯೂ ಮಾಡಬಹುದಾಗಿತ್ತು. ಒಸಡು ಚೆನ್ನಾಗಿದ್ದ ಹನ್ನೆರಡು ಜನರನ್ನು ಆರಿಸಿದರು. ಒಂಬತ್ತು ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳು, ಒಬ್ಬ ಅಧ್ಯಾಪಕ, ಇಬ್ಬರು ಪ್ರಯೋಗಶಾಲೆಯವರು. ಅವರು ಹಲ್ಲುಜ್ಜುವುದನ್ನು ನಿಲ್ಲಿಸಬೇಕು, ಅಷ್ಟೇ. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಹನ್ನೆರಡು ಜನರ ಒಸಡೂ ಕೆಂಪೇರಿ ಊದಿಕೊಂಡಿತು. ಮತ್ತೆ ಉಜ್ಜಲು ಹೇಳಿದರು. ಸುಮಾರು ಒಂದು ವಾರದಲ್ಲಿ ಎಲ್ಲರದೂ ಮೊದಲಿನಂತಾಯಿತು. ಔಷಧಿಯಿಲ್ಲ, ಕತ್ತಿಯಿಲ್ಲ. ಒಸಡಿನ ರಕ್ತ ಮುಪ್ಪಿನ ಗುರುತಲ್ಲ, ಮೈಯ ಉಷ್ಣದ ಗುರುತಲ್ಲ. ಹಲ್ಲಿನ ಮೇಲೆ ಕಟ್ಟಿದ ಪಾಚಿಯ ವಿರುದ್ಧ ದೇಹ ಎಬ್ಬಿಸಿದ ಕೂಗು.

ಹಲ್ಲಿಗೂ ಒಸಡಿಗೂ ನಡುವೆ ಕೂದಲೆಳೆಯಷ್ಟು ಕಿರಿದಾದ ಒಂದು ಸಂದು ಇದೆ. ನಮ್ಮ ಮೈಗೆ ಎಲ್ಲೆಡೆಯೂ ಚರ್ಮದ ಕೋಟೆಯಿದೆ; ಇಲ್ಲಿ ಮಾತ್ರ ಗಟ್ಟಿಯಾದ ಹಲ್ಲೊಂದು ಗೋಡೆಯನ್ನು ಸೀಳಿಕೊಂಡು ಹೊರಗೆ ನಿಂತಿದೆ. ಆದುದರಿಂದ ಕಾವಲು ಇಲ್ಲಿ ಹೆಚ್ಚು. ಆರೋಗ್ಯವಾಗಿರುವವರಲ್ಲೂ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣಗಳು ನಿಮಿಷಕ್ಕೆ ಸುಮಾರು 30,000ದಂತೆ ರಕ್ತನಾಳದಿಂದ ಇಳಿದು, ಒಸಡನ್ನು ದಾಟಿ, ಈ ಸಂದಿನ ಮೂಲಕ ಬಾಯಿಗೆ ಬರುತ್ತಿರುತ್ತವೆ. ನೀವು ಈ ಸಾಲನ್ನು ಓದುವಷ್ಟರಲ್ಲಿ ಸಾವಿರಾರು ಬಂದು ಹೋದವು. ಪಾಚಿಗೆ ಎದುರಾಗಿ ಅವು ಗೋಡೆಯಂತೆ ಸಾಲುಗಟ್ಟಿ ನಿಲ್ಲುತ್ತವೆ. ಸಿಕ್ಕಿದ ಕ್ರಿಮಿಯನ್ನು ನುಂಗುತ್ತವೆ. ಸುಡುವ ರಸಗಳನ್ನು ಉಗುಳುತ್ತವೆ. ತಮ್ಮ ಒಡಲಿನ ವಂಶತಂತುಗಳನ್ನೇ ಹೊರಚೆಲ್ಲಿ ಬಲೆ ಬೀಸಿ ಹಿಡಿಯುತ್ತವೆಂದು ಬರ್ಲಿನ್ನಿನ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಹಾಗೆ ಹೋರಾಡಿ ಸಾಯುತ್ತವೆ. ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ. ಗಡಿ ನಿಲ್ಲುತ್ತದೆ, ಅಷ್ಟೆ. ಆ ಗಡಿಗೇ ನಾವು ಆರೋಗ್ಯವೆಂದು ಹೆಸರಿಟ್ಟಿದ್ದೇವೆ.

ಪಾಚಿ ಬೆಳೆದರೆ ಕರೆ ಜೋರಾಗುತ್ತದೆ. ಕೆಲವೇ ದಿನಗಳಲ್ಲಿ ನ್ಯೂಟ್ರೋಫಿಲ್‌ಗಳ ಹಿಂದೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕ ಕಣಗಳೂ ಲಿಂಫೊಸೈಟ್‌ಗಳೂ ಬಂದು ಸೇರುತ್ತವೆ. ಎರಡು ಮೂರು ವಾರಗಳಲ್ಲಿ ಪ್ರತಿವಿಷ ತಯಾರಿಸುವ ಕಣಗಳು ಬೀಡು ಬಿಡುತ್ತವೆ. ಸೈನ್ಯ ನಡೆದ ದಾರಿಯಲ್ಲಿ ಪೈರು ಉಳಿಯುವುದುಂಟೆ? ಕ್ರಿಮಿಗೆಂದು ಉಗುಳಿದ ರಸ ಒಸಡಿನ ನಾರುಗಳನ್ನೂ ಕರಗಿಸುತ್ತದೆ. 1972ರಲ್ಲಿ ಅಮೆರಿಕದ ಹಾರ್ಟನ್ ಮತ್ತು ಅವನ ಜೊತೆಗಾರರು ಮನುಷ್ಯರ ಬಿಳಿಯ ರಕ್ತಕಣಗಳನ್ನು ಹಲ್ಲಿನ ಪಾಚಿಯೊಡನೆ ಇಟ್ಟು ಬೆಳೆಸಿ, ಆ ದ್ರವವನ್ನು ಎಲುಬಿನ ಚೂರಿಗೆ ತಾಕಿಸಿದರು. ಎಲುಬು ಕರಗತೊಡಗಿತು. ಕ್ರಿಮಿ ಎಲುಬನ್ನು ಕಡಿದಿರಲಿಲ್ಲ. ನಮ್ಮ ಕಣಗಳು ಹೊರಡಿಸಿದ ಒಂದು ಸಂದೇಶವನ್ನು ಕೇಳಿ, ಎಲುಬನ್ನು ಕೆಡಹುವ ನಮ್ಮದೇ ಇನ್ನೊಂದು ಜಾತಿಯ ಕಣಗಳು ಕೆಲಸಕ್ಕೆ ಇಳಿದಿದ್ದವು. ಹಲ್ಲು ಸಡಿಲವಾಗುವುದು ಹೀಗೆ.

ಒಂದೇ ಕೊಳೆಗೆ ಎಲ್ಲರ ಮೈಯೂ ಒಂದೇ ರೀತಿ ಸಿಟ್ಟಾಗುವುದೇ? ಇದಕ್ಕೂ ಉತ್ತರ ಹುಡುಕಿದವನು ಲೋ. ಶ್ರೀಲಂಕಾದ ಟೀ ತೋಟಗಳಲ್ಲಿ ತಮಿಳು ಕೂಲಿಗಾರರಿದ್ದರು. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಭಾರತದಿಂದ ಹೋದವರ ಸಂತತಿ. ಬ್ರಷ್ಷನ್ನೂ ದಂತವೈದ್ಯನನ್ನೂ ಕಾಣದವರು. ಅಂಥ 480 ಗಂಡಸರ ಬಾಯಿಗಳನ್ನು 1970ರಲ್ಲಿ ನೋಡಿ, 1985ರವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಎಲ್ಲರ ಹಲ್ಲಿನ ಮೇಲೂ ಪಾಚಿ, ಎಲ್ಲರ ಒಸಡೂ ಕೆಂಪು. ಆದರೆ ಶೇಕಡ 8 ಮಂದಿಗೆ ಹಲ್ಲಿನ ಆಧಾರ ವೇಗವಾಗಿ ಕುಸಿಯಿತು. ಶೇಕಡ 81 ಮಂದಿಗೆ ನಿಧಾನವಾಗಿ. ಶೇಕಡ 11 ಮಂದಿಗೆ ಒಸಡಿನ ಕೆಂಪು ಮುಂದಕ್ಕೆ ಹೋಗಲೇ ಇಲ್ಲ. ಕೊಳೆ ಒಂದೇ, ಫಲ ಮೂರು. ವ್ಯತ್ಯಾಸವಿದ್ದದ್ದು ಬಹುಮಟ್ಟಿಗೆ ಕಾವಲಿನ ಸ್ವಭಾವದಲ್ಲಿ ಎಂದು ವಿದ್ವಾಂಸರು ಇದರಿಂದ ಅರಿತರು. ಹದಿನೈದು ವರ್ಷ ಆ ಬಡವರ ಬಾಯಿ ವಿಜ್ಞಾನಕ್ಕೆ ಪುಸ್ತಕವಾಯಿತು. ಆ ಪುಸ್ತಕದಿಂದ ಲೋಕಕ್ಕೆ ದೊರೆತ ತಿಳಿವು ದೊಡ್ಡದು. ಹಲ್ಲು ಕಳೆದುಕೊಂಡವರ ಋಣವೂ ದೊಡ್ಡದು. ಅದನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಇನ್ನೊಂದೇ ಸಂಗತಿ ಹೇಳಿ ಚರಿತ್ರೆಯನ್ನು ಮುಗಿಸುತ್ತೇನೆ. ಕೆಲವು ಮಕ್ಕಳು ಒಂದು ಅಪರೂಪದ ಜನ್ಮದೋಷದಿಂದ ಬಳಲುತ್ತಾರೆ. ಅವರ ರಕ್ತದಲ್ಲಿ ನ್ಯೂಟ್ರೋಫಿಲ್‌ಗಳು ಬೇಕಾದಷ್ಟಿವೆ. ಆದರೆ ರಕ್ತನಾಳದ ಗೋಡೆಗೆ ಅಂಟಿಕೊಂಡು ಹೊರಗಿಳಿಯಲಾರವು. ಈ ಮಕ್ಕಳ ಹಲ್ಲು ಎಳೆಯ ವಯಸ್ಸಿನಲ್ಲೇ ಉದುರುತ್ತವೆ. ಕಾವಲಿಲ್ಲದ ಕೋಟೆಗೆ ಕಳ್ಳರು ನುಗ್ಗಿದರು ಎಂದು ಬಹುಕಾಲ ಅರ್ಥ ಹೇಳುತ್ತಿದ್ದರು. ಅಮೆರಿಕದ ಬೆಥೆಸ್ಡಾದಲ್ಲಿ ನಿಕಿ ಮೌಟ್ಸೊಪೌಲೋಸ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ 2014ರಲ್ಲಿ ಪರೀಕ್ಷಿಸಿದಾಗ, ಕ್ರಿಮಿಗಳು ಹಲ್ಲಿನ ಮೇಲೇ ಇದ್ದವು, ಒಸಡಿನೊಳಕ್ಕೆ ನುಗ್ಗಿರಲಿಲ್ಲ! ಒಳಗೆ ಮಿತಿಮೀರಿ ಇದ್ದದ್ದು, ಕಾವಲುಗಾರರನ್ನು ಕರೆಯುವ ಇಂಟರ್‌ಲ್ಯೂಕಿನ್-17 ಎಂಬ ಸಂದೇಶ. ನ್ಯೂಟ್ರೋಫಿಲ್ ಬಂದು ಕೆಲಸ ಮುಗಿಸಿ ಸಾಯುತ್ತದೆ; ಅದರ ಹೆಣವನ್ನು ಮ್ಯಾಕ್ರೊಫೇಜ್ ನುಂಗುತ್ತದೆ; ಆಗ “ಇನ್ನು ಸಾಕು” ಎಂಬ ಸೂಚನೆ ಹೊರಡುತ್ತದೆ. ಬರಬೇಕಾದವರು ಬರದೆ ಹೋದರೆ ಸಾಕು ಎನ್ನುವವರಿಲ್ಲ, ಕರೆ ನಿಲ್ಲುವುದಿಲ್ಲ, ಆ ಕೂಗಿಗೇ ಎಲುಬು ಕುಸಿಯುತ್ತದೆ. ಕೂಗನ್ನು ತಗ್ಗಿಸುವ ಔಷಧಿಯನ್ನು ಒಬ್ಬ ರೋಗಿಗೆ ಕೊಟ್ಟು ಗುಣ ಕಂಡದ್ದು 2017ರಲ್ಲಿ ವರದಿಯಾಯಿತು. ಕಾವಲುಗಾರ ಹೋರಾಡುವುದರಲ್ಲಿ ಮಾತ್ರವಲ್ಲ, ಸಕಾಲದಲ್ಲಿ ಸುಮ್ಮನಾಗುವುದರಲ್ಲಿಯೂ ಮನೆಯ ಕ್ಷೇಮವಿದೆ.

ಈಗ ನಮ್ಮ ತಾಯಿಯ ಮಾತು. ಅಮ್ಮ ಇದ್ದಿಲು ಪುಡಿಗೆ ಉಪ್ಪು ಬೆರಸಿ ಬೆರಳಿನಿಂದ ಹಲ್ಲು ತಿಕ್ಕುತ್ತಿದ್ದಳು. ಐವತ್ತರ ಹತ್ತಿರ ಬಂದಾಗ ಒಸಡಿನಲ್ಲಿ ರಕ್ತ ಬರಲು ಶುರುವಾಯಿತು. ನಾನು ಆಗ ಎಂ.ಎ. ಓದುತ್ತಿದ್ದೆ, ಮನೆಯಲ್ಲಿ ಓದಿದವನೆಂದರೆ ನಾನೇ. “ಏನು ಮಾಡಲೋ ಮಗು, ಮುಟ್ಟಿದರೆ ರಕ್ತ ಬರುತ್ತೆ” ಎಂದು ನನ್ನನ್ನು ಕೇಳಿದಳು. “ನೋವಿರೋ ಕಡೆ ಮುಟ್ಟಬೇಡಮ್ಮ, ಅದೇ ವಾಸಿಯಾಗುತ್ತೆ” ಎಂದು ನಾನು ದೊಡ್ಡ ತಿಳಿದವನಂತೆ ಹೇಳಿದೆ. ಮಗನ ಮಾತೆಂದು ಅಮ್ಮ ಅದನ್ನು ಶ್ರದ್ಧೆಯಿಂದ ಪಾಲಿಸಿದಳು. ನಾಲ್ಕೈದು ವರ್ಷಗಳಲ್ಲಿ ಹಲ್ಲುಗಳು ಒಂದೊಂದಾಗಿ ಅಲ್ಲಾಡಿ ಬಿದ್ದವು. “ವಯಸ್ಸಾಯಿತಲ್ಲ” ಎಂದಳು. ಕೆಲಸ ಸಿಕ್ಕಿ ನಾನು ಮೊದಲ ಸಂಬಳದಲ್ಲಿ ಹುರಿಗಡಲೆ, ಚಕ್ಕುಲಿ, ಕೋಡುಬಳೆ ಕಟ್ಟಿಸಿಕೊಂಡು ಹೋದಾಗ, ಚಕ್ಕುಲಿಯನ್ನು ಕಾಫಿಯಲ್ಲಿ ನೆನಸಿ ತಿಂದು, ಕಡಲೆಯ ಪೊಟ್ಟಣವನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟಳು. ಗಾದೆ ನೆನಪಾಗಿ ನಾವಿಬ್ಬರೂ ನಕ್ಕೆವು.

ಆರ್ಹುಸಿನ ಆ ಹನ್ನೆರಡು ಜನರ ಪ್ರಯೋಗ ಪ್ರಕಟವಾಗಿ ಆಗಲೇ ಮೂವತ್ತು ವರ್ಷ ದಾಟಿತ್ತು. ನನ್ನ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಹುಡುಕಿದ್ದರೆ ಎಲ್ಲೋ ಸಿಗುತ್ತಿತ್ತೋ ಏನೋ. ನಾನು ಹುಡುಕಲಿಲ್ಲ. ಅಮ್ಮನ ಬಾಯಲ್ಲಿ ಹಗಲಿರುಳು ಹೋರಾಡುತ್ತಿದ್ದ ಕಾವಲುಗಾರರಿಗೆ ಬೇಕಾಗಿದ್ದದ್ದು ಇಷ್ಟೇ: ದಿನಕ್ಕೆರಡು ಸಲ ಯಾರಾದರೂ ಶತ್ರುವಿನ ಗುಡಾರಗಳನ್ನು ಕಿತ್ತೆಸೆದು, ಅವರಿಗೆ ಸುಮ್ಮನಾಗಲು ಅವಕಾಶ ಕೊಡುವುದು. ಆ ಸಹಾಯವನ್ನು ನಿಲ್ಲಿಸಿದವನು ನಾನು. ರೋಗ ಆಳಕ್ಕೆ ಇಳಿದಿದ್ದರೆ ಬರಿಯ ಉಜ್ಜುವಿಕೆಯಿಂದ ಸಾಲದು, ಕುಸಿದ ಎಲುಬು ತಾನಾಗಿ ಏಳುವುದಿಲ್ಲ, ವೈದ್ಯರೇ ಬೇಕು. ಆದರೆ ಮೊದಲ ರಕ್ತ ಕಂಡ ದಿನ ಅದು ಆಳಕ್ಕೆ ಇಳಿದಿತ್ತೆಂದು ಹೇಳುವವರಾರು?

ಹಳೆಯ ವಿದ್ಯಾರ್ಥಿನಿ ಹೇಳಿಕೊಟ್ಟಂತೆ ರಕ್ತ ಬರುವ ಕಡೆಗೇ ಮೃದುವಾದ ಬ್ರಷ್ಷನ್ನು ಒಯ್ದೆ. ಮೊದಲ ನಾಲ್ಕು ದಿನ ನೊರೆ ಕೆಂಪಾಗಿತ್ತು. ಐದನೆಯ ದಿನ ಎಳೆಗೆಂಪಾಯಿತು. ಒಂಬತ್ತನೆಯ ದಿನ ಬೆಳ್ಳಗಿತ್ತು. ಅದನ್ನು ನೋಡುತ್ತ ಬಚ್ಚಲಿನಲ್ಲಿ ಬಹಳ ಹೊತ್ತು ನಿಂತಿದ್ದೆ. ಈಗ ಆ ಗಾದೆಯನ್ನು ಪಾಠ ಹೇಳುವಾಗ ಅರ್ಥ ಹೇಳಿ ಮುಂದಕ್ಕೆ ಹೋಗುವುದಿಲ್ಲ. ಹಲ್ಲು ಹೋದದ್ದೇಕೆ ಎಂದು ಮಕ್ಕಳನ್ನು ಕೇಳುತ್ತೇನೆ. “ವಯಸ್ಸಾಯಿತಲ್ಲ ಸಾರ್” ಎನ್ನುತ್ತಾರೆ. ಆಗ ಮನೆಯಲ್ಲಿ ಯಾರಿಗೆ ಒಸಡಿನಲ್ಲಿ ರಕ್ತ ಬರುತ್ತದೆ ಎಂದು ಕೇಳುತ್ತೇನೆ. ಕೈ ಎತ್ತುವವರು ಬಹಳ.